ಮುರುಗಲು: ಮಾರುಕಟ್ಟೆಗೆ ಮೊದಲು ಮರ



ಮುರುಗಲನ್ನು ಕಡೆಗಣಿತ ಹಣ್ಣು ಎನ್ನುವುದು ರೂಢಿಯಾಗಿದೆ. ಅಡುಗೆಮನೆಯ ಮಟ್ಟಿಗೆ ಈ ಮಾತು ಪೂರ್ತಿ ನಿಜವಲ್ಲ. ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಗೋವೆಯ ಕಡೆ ಭಿರಂಡ ಎನಿಸಿಕೊಂಡ ಈ ಹಣ್ಣಿನ ಸಾರು, ಶರಬತ್ತು ಕರಾವಳಿ ಮಲೆನಾಡಿನ ಬೇಸಿಗೆಗೆ ಹಳೆಯ ಪರಿಚಯ. ನಾವು ಕಡೆಗಣಿಸಿದ್ದು ಮರವನ್ನು. ಕಾಡು ಕೊಡುತ್ತದೆ, ಸೊಪ್ಪಿನ ಬೆಟ್ಟ ಕೊಡುತ್ತದೆ, ಹೆಕ್ಕಿ ತಂದರಾಯಿತು ಎಂಬ ಭರವಸೆಯ ಮೇಲೆಯೇ ಇಲ್ಲಿಯ ತನಕದ ಪ್ರಚಾರ ನಿಂತಿದೆ. ಪ್ರಚಾರ ನರ್ಸರಿಯಿಂದ ಶುರುವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಸ್ಯಶಾಸ್ತ್ರದಲ್ಲಿ ಗಾರ್ಸಿನಿಯಾ ಇಂಡಿಕಾ ಎನಿಸಿಕೊಂಡ ಮುರುಗಲು ಪಶ್ಚಿಮ ಘಟ್ಟದ್ದೇ ಮರ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿ ಗಂಡೋ ಹೆಣ್ಣೋ ಎಂದು ಹೂ ಬಿಡುವ ತನಕ ಹೇಳಲು ಬಾರದು. ಅದಕ್ಕೆ ಏಳೆಂಟು ವರ್ಷ ಹಿಡಿಯುತ್ತದೆ. ಕೊನೆಗೆ ಹತ್ತಿರ ಹತ್ತಿರ ಅರ್ಧ ಗಿಡಗಳು ಗಂಡಾಗಿರುತ್ತವೆ. ಅಷ್ಟು ವರ್ಷ ಗೊಬ್ಬರ ಹಾಕಿ, ಬೇಲಿ ಕಟ್ಟಿ ಸಾಕಿದ ರೈತ ಹಣ್ಣು ಬಿಡದ ಮರವನ್ನು ನೋಡಿದ ಮೇಲೆ ಇನ್ನೊಂದು ಸಸಿ ಕೇಳಲು ಬರುವುದಿಲ್ಲ. ವನಮಹೋತ್ಸವದಲ್ಲಿ ಹಂಚಿದ ಸಸಿಗಳ ಲೆಕ್ಕದಲ್ಲಿ ಈ ನಷ್ಟ ಕಾಣುವುದೂ ಇಲ್ಲ.

ಕಸಿ ಇದಕ್ಕೆ ಪರಿಹಾರ. ಒಳ್ಳೆಯ ಹೆಣ್ಣು ಮರದ ಕಡ್ಡಿ ತಂದು ಮೃದುಕಾಂಡ ಕಸಿ ಮಾಡಿದರೆ ನಾಲ್ಕೈದು ವರ್ಷಕ್ಕೆ ಫಲ ಸಿಗುತ್ತದೆ. ಆದರೆ ಕಡ್ಡಿಯನ್ನು ಮರದ ಯಾವ ಭಾಗದಿಂದ ತೆಗೆದದ್ದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಮೇಲೇಳದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ನೇರ ಮೇಲಕ್ಕೆ ಏಳುವ ಚಿಗುರಿನ ಕಡ್ಡಿಯೇ ಗೋಪುರದಂಥ ಮರವಾಗುವುದು. ಅಂಥ ಚಿಗುರು ಒಂದೊಂದು ಮರದಲ್ಲಿ ಸಿಗುವುದೇ ಕೆಲವು. ಆದ್ದರಿಂದ ಬೇಡಿಕೆ ಹೆಚ್ಚಿದ ವರ್ಷ ಯಾವುದೋ ಕೊಂಬೆಗೆ ಕತ್ತರಿ ಬೀಳುತ್ತದೆ, ಕೊಂಡವನಿಗೆ ವ್ಯತ್ಯಾಸ ತಿಳಿಯುವುದು ನಾಲ್ಕು ಮಳೆಗಾಲ ಕಳೆದ ಮೇಲೆ. ಗಿಡದ ಚೀಟಿಯ ಮೇಲೆ ತಾಯಿಮರ ಯಾವುದು, ಕಡ್ಡಿ ನೇರ ಚಿಗುರಿನದೋ ಅಡ್ಡಕೊಂಬೆಯದೋ ಎಂಬ ಎರಡು ಸಾಲು ಇರಲೇಬೇಕು.

ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ 1997ರಲ್ಲೇ ಕೊಂಕಣ ಅಮೃತಾ ಎಂಬ ತಳಿ ಬಿಡುಗಡೆ ಮಾಡಿತು. ಮಳೆ ಹಿಡಿಯುವ ಮುನ್ನ ಹಣ್ಣಾಗುವುದು ಅದರ ದೊಡ್ಡ ಗುಣ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುವ ಮುರುಗಲಿಗೆ ಜೂನ್ ಮಳೆಯೇ ಗಡುವು. ಹೋಳು ಮಾಡಿ ಬೀಜ ತೆಗೆದು, ಉಪ್ಪು ಬೆರೆಸಿದ ರಸದಲ್ಲಿ ಅದ್ದಿ, ಮತ್ತೆ ಮತ್ತೆ ಬಿಸಿಲಿಗೆ ಹರಡಿದ ಸಿಪ್ಪೆ ಎರಡು ದಿನ ಮೋಡ ಕವಿದರೆ ಬೂಸಲು ಹಿಡಿಯುತ್ತದೆ. ತಡವಾಗಿ ಮಾಗುವ ಮರದ ಹಣ್ಣು ಕೆಳಗೇ ಬಿದ್ದು ಕೊಳೆಯುತ್ತದೆ. ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಬೆಟ್ಟಗಳಲ್ಲಿ ಬೇಗ ಮಾಗುವ ಮರಗಳು ಇಲ್ಲವೆ? ಇವೆ, ಸಿಪ್ಪೆ ಒಣಗಿಸುವ ಹೆಣ್ಣುಮಕ್ಕಳಿಗೆ ಅವುಗಳ ಜಾಗವೂ ಗೊತ್ತು. ತಳಿ ಹುಡುಕುವವರು ಮೊದಲು ಅವರನ್ನು ಕೇಳಲಿ.

ಬೀಜದ ಕಡೆಗೂ ನಮ್ಮ ಗಮನ ಸಾಲದು. ಬೀಜವನ್ನು ಜಜ್ಜಿ ನೀರಲ್ಲಿ ಕುದಿಸಿ, ಮೇಲೆ ತೇಲಿದ ಕೊಬ್ಬನ್ನು ತೆಗೆದು ಉಂಡೆ ಕಟ್ಟಿದ ಮುರುಗಲ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚಿದವರು ಈ ಸಭೆಯಲ್ಲೇ ಇದ್ದೀರಿ. ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆ ಶೇ. 5ರ ತನಕ ಬಳಸಬಹುದಾದ ಆರು ಸಸ್ಯ ಕೊಬ್ಬುಗಳನ್ನು ಐರೋಪ್ಯ ಒಕ್ಕೂಟ 2000ದಲ್ಲಿ ಹೆಸರಿಸಿತು. ಅವುಗಳಲ್ಲಿ ನಮ್ಮ ಮುರುಗಲ ಕೊಬ್ಬೂ ಒಂದು.

ಬೇಡಿಕೆ ಮಾತ್ರ ಬೆಳೆದು ಮರ ಬೆಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುರುಗಲಿನ ಹತ್ತಿರದ ಬಂಧು ಉಪ್ಪಾಗೆಯೇ ಸಾಕ್ಷಿ. 1990ರ ದಶಕದಲ್ಲಿ ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಸುದ್ದಿ ಅಮೆರಿಕದಲ್ಲಿ ಹಬ್ಬಿ, ಉತ್ತರ ಕನ್ನಡದ ಕಾಡಿನಲ್ಲಿ ಪೈಪೋಟಿ ಎದ್ದಿತು. ಬಲಿಯದ ಕಾಯಿ ಕೊಯ್ದರು, ಕೊಂಬೆಗಳನ್ನೇ ಕಡಿದರು. ಉಪ್ಪಾಗೆ ಮಾಗುವುದು ಮಳೆಯಲ್ಲಿ, ಹಾಗಾಗಿ ಒಣಗಿಸುವ ಒಲೆಗೆ ಕಾಡಿನದೇ ಸೌದೆ ಬಿತ್ತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 135 ಜನರ ಮೇಲಿನ 12 ವಾರಗಳ ಪ್ರಯೋಗದ ವರದಿ ಬಂತು. ಹುಸಿ ಗುಳಿಗೆ ನುಂಗಿದವರಿಗಿಂತ ಈ ಆಮ್ಲದ ಗುಳಿಗೆ ನುಂಗಿದವರು ಹೆಚ್ಚೇನೂ ತೂಕ ಕಳೆದುಕೊಂಡಿರಲಿಲ್ಲ. ಅದೇ ಆಮ್ಲ ಮುರುಗಲಿನಲ್ಲೂ ಇದೆ. ಬೊಜ್ಜಿನ ಹೆಸರಿನಲ್ಲಿ ಈ ಹಣ್ಣನ್ನು ಮಾರಬೇಡಿ ಎಂದು ಉದ್ಯಮಿ ಮಿತ್ರರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದರ ಹುಳಿ, ಅದರ ಬಣ್ಣ ಸಾಕು.

ಇವತ್ತಿನ ಗೋಷ್ಠಿಗಳಿಂದ ನನ್ನ ನಿರೀಕ್ಷೆ ದೊಡ್ಡದೇನಲ್ಲ. ಇಳುವರಿ, ಸಿಪ್ಪೆಯ ದಪ್ಪ, ಮಾಗುವ ವಾರ, ಈ ಮೂರನ್ನು ದಾಖಲಿಸಿದ ತಾಯಿಮರಗಳ ಪಟ್ಟಿಯೊಂದು ಆಗಲಿ. ಹಳದಿ ಹಣ್ಣಿನ ಬಿಳಿ ಮುರುಗಲು ಅದರಲ್ಲಿ ಸೇರಲಿ. ಊರಿನ ಸಹಕಾರಿ ಸಂಘದ ಅಂಗಳದಲ್ಲಿ ಒಂದೊಂದು ಸೌರ ಒಣಗುಮನೆ ಬರಲಿ. ಇನ್ನು ತಾಯಿಮರ ಕಾಪಾಡಿದ ರೈತನ ಪಾಲಿನ ವಿಚಾರ. ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಎಂಬ ಹಲಸಿನ ತಳಿಯ ವಿಷಯದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಮರದ ಒಡೆಯರೊಂದಿಗೆ ಒಪ್ಪಂದ ಮಾಡಿಕೊಂಡು, ಕಸಿಗಿಡಗಳ ಆದಾಯದಲ್ಲಿ ಅವರಿಗೆ ಪಾಲು ಕೊಟ್ಟಿತು. ಅದೇ ಬಗೆಯ ಒಪ್ಪಂದದ ಕರಡೊಂದನ್ನು ಮುರುಗಲಿಗಾಗಿ ಇವತ್ತು ಸಂಜೆಯೊಳಗೆ ಇಲ್ಲಿ ಸಿದ್ಧಪಡಿಸಬೇಕೆಂದು ಕೋರುತ್ತೇನೆ.