ಒಳಮನೆಯ ಹೊಸ ಒಕ್ಕಲು

ಹಾಸು ಯಾವುದು, ಹೊಕ್ಕು ಯಾವುದು ಎಂಬುದನ್ನು ರಬಕವಿ-ಬನಹಟ್ಟಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದು ನಿಂತದ್ದು ಹಾಸು. ಲಾಳಿಯ ಸಂಗಡ ಅಡ್ಡಲಾಗಿ ಓಡಾಡುವುದು ಹೊಕ್ಕು. ಎರಡೂ ಕೂಡಿದರೆ ಸೀರೆ. ಸ್ಥಾಯಿಭಾವ, ಸಂಚಾರಿಭಾವಗಳೆಂದರೇನೆಂದು ತರಗತಿಯಲ್ಲಿ ಕೇಳಿದವರಿಗೆ ನಾನು ಈ ಮಗ್ಗವನ್ನೇ ತೋರಿಸುತ್ತ ಬಂದಿದ್ದೇನೆ. ಮನಸ್ಸಿನಲ್ಲಿ ನೆಲೆನಿಂತ ಭಾವ ಹಾಸು. ಬಂದುಹೋಗುವ ಭಾವ ಹೊಕ್ಕು. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಮೊದಲಿನವು 8 ಎಂದೂ ಎರಡನೆಯವು 33 ಎಂದೂ ಎಣಿಸಿದ್ದಾನೆ.

ಅಮೆರಿಕದ ಪಿಕ್ಸಾರ್ ಸಂಸ್ಥೆಯವರ ‘ಇನ್‌ಸೈಡ್ ಔಟ್ 2’ ಎಂಬ ಆನಿಮೇಷನ್ ಚಿತ್ರವನ್ನು ಹಿಂದಿಯ ಧ್ವನಿಯಲ್ಲಿ ನೋಡಿದಾಗ, ಈ ಹಳೆಯ ಪರಿಚಿತರನ್ನೇ ಪರದೇಶದ ಉಡುಪಿನಲ್ಲಿ ಕಂಡಂತಾಯಿತು. ಮೊದಲನೆಯ ಚಿತ್ರವನ್ನು 2015ರಲ್ಲಿ ಪೀಟ್ ಡಾಕ್ಟರ್ ನಿರ್ದೇಶಿಸಿದ್ದರು. ರೈಲಿ ಎಂಬ ಹನ್ನೊಂದು ವರ್ಷದ ಹುಡುಗಿಯ ತಲೆಯೊಳಗೆ ಸಂತೋಷ, ದುಃಖ, ಕೋಪ, ಭಯ, ಜುಗುಪ್ಸೆ ಎಂಬ ಐವರು ಕುಳಿತು ಅವಳ ಬಾಳನ್ನು ನಡೆಸುವ ಕಥೆ ಅದು. ಕೆಲ್ಸಿ ಮ್ಯಾನ್ ನಿರ್ದೇಶಿಸಿದ ಎರಡನೆಯ ಚಿತ್ರ 2024ರ ಜೂನ್ ತಿಂಗಳಲ್ಲಿ ತೆರೆಕಂಡು, ಆ ವರ್ಷ ಜಗತ್ತಿನಲ್ಲಿಯೇ ಅತ್ಯಧಿಕ ಹಣ ಗಳಿಸಿದ ಚಲನಚಿತ್ರವೆನಿಸಿತು. ಹಣ ಗಳಿಸಿದುದೆಲ್ಲ ಗುಣವುಳ್ಳದ್ದಾಗಬೇಕೆಂದಿಲ್ಲ. ಆದುದರಿಂದ ಗುಣದೋಷಗಳನ್ನು ಬೇರೆಬೇರೆಯಾಗಿಯೇ ನೋಡೋಣ.

ಈಗ ರೈಲಿಗೆ ಹದಿಮೂರು ವರ್ಷ. ಒಳಮನೆಗೆ ಹೊಸ ಒಕ್ಕಲು ಬರುತ್ತದೆ: ಚಿಂತೆ, ಅಸೂಯೆ, ನಾಚಿಕೆ, ಬೇಸರ. ಭರತನ ಪಟ್ಟಿಯನ್ನು ತೆರೆದು ನೋಡಿ. ಚಿಂತಾ ಇದೆ, ಅಸೂಯಾ ಇದೆ, ವ್ರೀಡಾ ಇದೆ. ಬೇಸರದ ನೆರೆಯಲ್ಲಿ ಆಲಸ್ಯವೂ ನಿರ್ವೇದವೂ ಇವೆ. ಆಗಾಗ ಇಣುಕುವ, ಹಳೆಯದನ್ನು ನೆನೆದು ನಿಟ್ಟುಸಿರಿಡುವ ಅಜ್ಜಿಯೊಬ್ಬಳಿದ್ದಾಳೆ. ಅವಳು ನಮ್ಮ ಸ್ಮೃತಿಗೆ ಹತ್ತಿರದವಳು. ಎಲ್ಲಕ್ಕಿಂತ ಸ್ವಾರಸ್ಯವೆಂದರೆ, ಮನೆಗೆ ತಾನೇ ಯಜಮಾನಿ ಎಂದು ಬಗೆದಿರುವ ಸಂತೋಷವೂ ಭರತನ ಲೆಕ್ಕದಲ್ಲಿ ಹರ್ಷವೆಂಬ ಸಂಚಾರಿಯೇ. ಅವಳೂ ಬಂದುಹೋಗುವವಳೇ. ಚಿತ್ರ ಕಡೆಗೆ ಮುಟ್ಟುವ ಮಾತೂ ಬಹುಮಟ್ಟಿಗೆ ಇದೇ.

ಚಿತ್ರದ ಮೊದಲ ಗುಣ, ಚಿಂತೆಯ ಪಾತ್ರಸೃಷ್ಟಿ. ಅವಳು ದುಷ್ಟಳಲ್ಲ. ರೈಲಿಯ ಒಳಿತಿಗಾಗಿಯೇ ದುಡಿಯುತ್ತಾಳೆ. ಮೂರು ದಿನದ ಹಾಕಿ ಶಿಬಿರದಲ್ಲಿ ಹುಡುಗಿ ತಂಡಕ್ಕೆ ಆಯ್ಕೆಯಾಗಲೇಬೇಕೆಂಬ ಹಟದಿಂದ, ರಾತ್ರಿಯೆಲ್ಲ ಕಲ್ಪನೆಯ ಕೆಲಸಗಾರರನ್ನು ಸಾಲಾಗಿ ಕೂರಿಸಿ, ನಾಳೆ ಏನೇನು ಕೆಡಬಹುದೆಂಬ ಚಿತ್ರಗಳನ್ನು ಬರೆಯಿಸುತ್ತಾಳೆ. ನಿದ್ದೆಗೆಟ್ಟ ಮನಸ್ಸನ್ನು ಇಷ್ಟು ನೇರವಾಗಿ ತೋರಿಸಿದುದನ್ನು ನಾನು ಬೇರೆ ಕಡೆ ಕಂಡಿಲ್ಲ. ಎರಡನೆಯ ಗುಣ, ‘ನಾನು’ ಎಂಬ ಭಾವ ಹುಟ್ಟುವ ಬಗೆ. ಒಂದೊಂದು ನೆನಪೂ ಒಂದು ಹೊಳೆಯುವ ಎಳೆಯಾಗಿ ಮೇಲೇರಿ, ಎಳೆಗಳು ಕೂಡಿ ‘ನಾನು ಇಂಥವಳು’ ಎಂಬ ರೂಪ ತಾಳುತ್ತವೆ. ಸಂತೋಷವು ಕೆಟ್ಟ ನೆನಪುಗಳನ್ನು ಹೆಕ್ಕಿ ದೂರ ಎಸೆದು, ಬರಿಯ ಒಳ್ಳೆಯ ಎಳೆಗಳಿಂದ ನೇಯಿಸುತ್ತದೆ. ಚಿಂತೆ ಅದನ್ನು ಕಿತ್ತೊಗೆದು, ‘ನಾನು ಸಾಲದವಳು’ ಎಂಬ ಅರಿವೆಯನ್ನು ನೇಯುತ್ತದೆ. ಎರಡೂ ಬಾಳುವ ಬಟ್ಟೆಯಲ್ಲ. ಒಳಿತು ಕೆಡುಕುಗಳ ಎಲ್ಲ ಎಳೆಗಳೂ ಸೇರಿದಾಗಲೇ ಹುಡುಗಿ ಉಸಿರಾಡುತ್ತಾಳೆ.

ಆಟದ ನಡುವೆ ಅವಳಿಗೆ ಎದೆ ಹೊಡೆದುಕೊಂಡು ಉಸಿರು ಕಟ್ಟುವ ದೃಶ್ಯವನ್ನು ನೋಡುವಾಗ ನನಗೆ ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯ ನೆನಪಾಯಿತು. ಅರ್ಧವಾರ್ಷಿಕ ಪರೀಕ್ಷೆಯ ದಿನ ಅವಳ ಉತ್ತರಪತ್ರಿಕೆ ಖಾಲಿಯಾಗಿತ್ತು; ಅಂಗೈ ಬೆವರಿ ಕಾಗದ ತೊಯ್ದಿತ್ತು. “ಎಲ್ಲಾ ಬರತೈತ್ರಿ ಸರ, ಆದರ ಏನೂ ನೆನಪಾಗವಲ್ದು” ಎಂದಳು. ಹಿಂದಿನ ವಾರವಷ್ಟೇ ನಾನು ಅವಳನ್ನು ಎಲ್ಲರ ಮುಂದೆ ಎಬ್ಬಿಸಿ, “ಸಾಲಿ ಹೆಸರು ನಿನ್ನ ಕೈಯಾಗೈತಿ ನೋಡವ್ವಾ” ಎಂದಿದ್ದೆ. ಮೆಚ್ಚುಗೆಯೆಂದೇ ಹೇಳಿದ ಮಾತು ಅದು. ಅವಳ ಒಳಮನೆಯಲ್ಲಿ ಅದು ಯಾವ ಒಕ್ಕಲಾಗಿ ನೆಲಸಿತೆಂಬುದನ್ನು ನಾನು ವಿಚಾರಿಸಿರಲಿಲ್ಲ.

ಚಿತ್ರದ ದೋಷ ಹೊಳೆಯುವುದೂ ಇಲ್ಲಿಯೇ. ನಮ್ಮವರು ಭಾವದೊಡನೆ ವಿಭಾವವನ್ನೂ, ಎಂದರೆ ಭಾವ ಹುಟ್ಟಲು ಹೊರಗಿನ ಕಾರಣವನ್ನೂ ಕೇಳುತ್ತಾರೆ. ಮುದುವೊಳಲಿನಲ್ಲಿ, ಎಂದರೆ ಇಂದಿನ ಮುಧೋಳದಲ್ಲಿ, ಹುಟ್ಟಿದ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಸುಮ್ಮನೆ ಅಳಿಸುವುದಿಲ್ಲ. ರಣಭೂಮಿಯಲ್ಲಿ ನಡೆಸಿಕೊಂಡು ಹೋಗಿ, ಗುರು ದ್ರೋಣ, ವೈರಿಯ ಮಗ ಅಭಿಮನ್ಯು, ತನ್ನ ಮಗ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಹೀಗೆ ಒಂದೊಂದು ಹೆಣದ ಮುಂದೆಯೂ ನಿಲ್ಲಿಸುತ್ತಾನೆ. ಆ ಶೋಕಕ್ಕೆ ಕಾರಣ ಕಣ್ಣೆದುರಿಗಿದೆ. ಆದುದರಿಂದ ಹಗೆಯವನ ಅಳಲೂ ನಮ್ಮದಾಗುತ್ತದೆ. ರೈಲಿಯ ಚಿಂತೆಗೆ ಚಿತ್ರವು ಕೊಡುವ ಕಾರಣ ತೆಳುವಾದುದು. ಗೆಳತಿಯರಿಬ್ಬರು ಬೇರೆ ಶಾಲೆಗೆ ಹೋಗಲಿದ್ದಾರೆ. ತರಬೇತಿದಾರಳ ಟಿಪ್ಪಣಿ ಪುಸ್ತಕದಲ್ಲಿ ಇವಳ ವಿಷಯ ಅನುಕೂಲವಾಗಿ ಬರೆದಿಲ್ಲ. ತಂದೆತಾಯಿಗಳು ಅಂಚಿಗೆ ಸರಿದಿದ್ದಾರೆ. ಗೆದ್ದೇ ತೀರಬೇಕೆಂದು ಅವಳಿಗೆ ಕಲಿಸಿದವರು ಯಾರು? ಆ ಪ್ರಶ್ನೆಯನ್ನು ಚಿತ್ರ ಎತ್ತುವುದೇ ಇಲ್ಲ.

ಉಳಿದ ದೋಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಸಂತೋಷವು ಮನೆಯಿಂದ ಹೊರಬಿದ್ದು, ಅಲೆದು, ಮರಳುವುದೇ ಮೊದಲನೆಯ ಚಿತ್ರದ ದಾರಿ. ಎರಡನೆಯದೂ ಅದೇ ದಾರಿ ಹಿಡಿದಿದೆ. ಒಕ್ಕಲು ಹೆಚ್ಚಾದುದರಿಂದ ಅಸೂಯೆಗೂ ಬೇಸರಕ್ಕೂ ಕೆಲಸ ಸಾಲದು. ಮೊದಲನೆಯ ಚಿತ್ರದ ಜೀವವೇ ಆಗಿದ್ದ ದುಃಖಕ್ಕೆ ಇಲ್ಲಿ ಸಣ್ಣದೊಂದು ಓಡಾಟದ ಕೆಲಸವಷ್ಟೇ ದಕ್ಕಿದೆ.

ಆದರೂ ಮುಕ್ತಾಯ ಎಲ್ಲವನ್ನೂ ಮರೆಸುವಂತಿದೆ. ಚಿಂತೆಯನ್ನು ಮನೆಯಿಂದ ಅಟ್ಟುವುದಿಲ್ಲ. ಒಂದು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಚಹ ಕೊಟ್ಟು, ನಾಳೆಯ ಒಂದು ಪಾಠದ ಪರೀಕ್ಷೆಯನ್ನಷ್ಟೇ ನೋಡಿಕೋ ಎನ್ನುತ್ತಾರೆ. ರೈಲಿ ಆಯ್ಕೆಯಾದಳೆ, ಇಲ್ಲವೆ? ಚಿತ್ರ ಹೇಳುವುದಿಲ್ಲ. ಅವಳು ಕನ್ನಡಿ ನೋಡಿಕೊಂಡು ನಗುತ್ತಾಳೆ, ಅಷ್ಟೇ.

ಜಮಖಂಡಿಯಲ್ಲಾಗಲಿ ಬೀಳಗಿಯಲ್ಲಾಗಲಿ, ಫಲಿತಾಂಶ ಕೇಳದೆ ಮಗುವಿನ ನಗೆಯನ್ನು ನೋಡಿದ ಹಿರಿಯರು ನಮ್ಮಲ್ಲಿ ಎಷ್ಟು ಮಂದಿ? ಚಿತ್ರದಲ್ಲಿ ‘ಅವಳನ್ನು ಬಿಟ್ಟುಬಿಡು’ ಎಂದು ಸಂತೋಷವು ಚಿಂತೆಗೆ ಹೇಳುತ್ತದೆ. ನಮ್ಮಲ್ಲಿ ಆ ಮಾತನ್ನು ಕೇಳಿಸಿಕೊಳ್ಳಬೇಕಾದವರು ತಂದೆತಾಯಿಗಳು, ನನ್ನಂಥ ಮಾಸ್ತರರು. ಮಕ್ಕಳ ಸಂಗಡ ಕುಳಿತು ಈ ಚಿತ್ರವನ್ನು ನೋಡಿ. ಮುಗಿದ ಮೇಲೆ ಅಂಕದ ಮಾತು ತೆಗೆಯದೆ, ಅವರ ಒಳಮನೆಯಲ್ಲಿ ಯಾರು ಯಾರಿದ್ದಾರೆಂದು ಮೆಲ್ಲಗೆ ಕೇಳಿ. ಆ ಹುಡುಗಿಯನ್ನು ನಾನು ಕೇಳಿದ್ದು ತಡವಾಗಿ. ಆದರೂ ಅವಳು ಹೇಳಿದಳು.