ಬೈಪಿಸಿ ಓದುವವರೇ, ನೀಟ್ ಒಂದೇ ಬಾಗಿಲಲ್ಲ

ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡದ ತಮ್ಮ ತಂಗಿಯರೇ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡುತ್ತ ಇಂಟರ್ ಓದುವವರೇ, ನೀಟ್‌ನಲ್ಲಿ ರ‍್ಯಾಂಕು ಬರಲಿಲ್ಲವೆಂದು ಜೀವಶಾಸ್ತ್ರದ ಪುಸ್ತಕ ಮೂಲೆಗೆಸೆಯಬೇಡಿ. ಜಠರದ ಕ್ಯಾನ್ಸರಿನಲ್ಲಿ ಇನ್ನೂ ಬಿಡಿಸದ ಲೆಕ್ಕಗಳಿವೆ. ಬಿಡಿಸಲು ಆಳು ಬೇಕು.

ಜೀವಕೋಶದೊಳಗೆ ಕಿನೇಸ್ ಎಂಬ ಪ್ರೋಟೀನುಗಳಿವೆ. ಅವು ಇತರ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಎಬ್ಬಿಸುತ್ತವೆ. ‘ಬೆಳೆ, ಎರಡಾಗು’ ಎಂಬ ಆಜ್ಞೆ ಹೀಗೆ ಕೈಯಿಂದ ಕೈಗೆ ದಾಟಿ ನ್ಯೂಕ್ಲಿಯಸ್ ಮುಟ್ಟುತ್ತದೆ. ಕೆಲಸ ಮುಗಿದ ಮೇಲೆ ಫಾಸ್ಫೇಟ್ ಕಳಚಿ ಎಲ್ಲ ತಣ್ಣಗಾಗಬೇಕು. ಧಾರೂರು ಸ್ಟೇಷನ್ನಿನ ಸಿಗ್ನಲ್ ಹಸಿರಿನಲ್ಲೇ ಸಿಕ್ಕಿಕೊಂಡರೆ ಏನಾದೀತು? ಕ್ಯಾನ್ಸರಿನಲ್ಲಿ ಆಗುವುದೂ ಅದೇ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಜಠರದ ಕೋಶಕ್ಕೆ ಕ್ಯಾಗ್‌ಎ ಎಂಬ ಪ್ರೋಟೀನನ್ನು ಚುಚ್ಚುತ್ತವೆ. ಸೋಜಿಗ ನೋಡಿ, ಕೋಶದ ಸ್ವಂತ ಕಿನೇಸ್‌ಗಳೇ ಅದಕ್ಕೆ ಫಾಸ್ಫೇಟ್ ತೊಡಿಸುತ್ತವೆ! ಆಮೇಲೆ ಅದು ಬೆಳವಣಿಗೆಯ ಆಜ್ಞೆಯನ್ನು ಹೊತ್ತಲ್ಲದ ಹೊತ್ತಿನಲ್ಲಿ ಹೊರಡಿಸುತ್ತದೆ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವಾರೆನ್ ಮತ್ತು ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ, ಹೊಟ್ಟೆಹುಣ್ಣಿಗೆ ಇದೇ ಕಾರಣವೆಂದಾಗ ಹೆಚ್ಚಿನವರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದರು. (ನೀವು ಅಷ್ಟು ದೂರ ಹೋಗಬೇಡಿ.) 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಪರ್ತ್ ದೂರವಾಯಿತೆ? ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನ ಸಂಶೋಧಕರು ಜಠರದ ಗಡ್ಡೆಗಳ ಪ್ರೋಟೀನುಗಳನ್ನು ಜಾಲಾಡಿದರು. 2015ರಲ್ಲಿ ಕ್ಯಾಮ್‌ಕೆಕೆ2 ಎಂಬ ಕಿನೇಸ್‌ನತ್ತ ಬೊಟ್ಟು ಮಾಡಿದರು. ಪ್ರಯೋಗಾಲಯದ ಕ್ಯಾನ್ಸರ್ ಕೋಶಗಳಲ್ಲಿ ಅದನ್ನು ತಡೆದಾಗ ಬೆಳವಣಿಗೆ ತಗ್ಗಿತು. ಪ್ರಯೋಗಾಲಯದಿಂದ ಔಷಧದಂಗಡಿಗೆ ದಾರಿ ಮಾತ್ರ ಬಹಳ ಉದ್ದ.

ಆ ದಾರಿ ದಾಟಿ ಬಂದದ್ದೂ ಒಂದಿದೆ: ಹರ್‌2 ಎಂಬ ಪ್ರೋಟೀನು ಮಿತಿಮೀರಿದ ರೋಗಿಗಳಿಗೆ ಟ್ರಾಸ್ಟುಜುಮಾಬ್ ಎಂಬ ಔಷಧ. 2010ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ರೋಗ ಮುಂದುವರಿದವರಿಗೆ ಕೀಮೋ ಜೊತೆ ಅದನ್ನು ಕೊಟ್ಟಾಗ ಮಧ್ಯಮ ಆಯುಷ್ಯ 11.1 ತಿಂಗಳಿನಿಂದ 13.8ಕ್ಕೆ ಏರಿತು. ಮೂರು ತಿಂಗಳೂ ತುಂಬಲಿಲ್ಲ! ಈ ಲೆಕ್ಕ ನೋಡಿ ನಿಮಗೆ ಸಿಟ್ಟು ಬರಬೇಕು. ಇದು ನಿಮ್ಮ ಪೀಳಿಗೆ ತಿದ್ದಬೇಕಾದ ಲೆಕ್ಕ.

ಬಿಎಸ್ಸಿ ಬಯೋಕೆಮಿಸ್ಟ್ರಿ ಸೇರಿ, ಎಂಎಸ್ಸಿಗೆ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಅದೇ ಊರಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಬಾಗಿಲು ತಟ್ಟಿ. ಅಷ್ಟರೊಳಗೆ ಮನೆಯಲ್ಲಿ ಯಾರಾದರೂ ‘ಗ್ಯಾಸು, ಗ್ಯಾಸು’ ಅಂತ ತಿಂಗಳುಗಟ್ಟಲೆ ಗುಳಿಗೆ ನುಂಗುತ್ತ ಸೊರಗುತ್ತಿದ್ದರೆ, ಡಾಕ್ಟರ ಹತ್ತಿರ ಕರೆದೊಯ್ದು ಎಂಡೋಸ್ಕೋಪಿ ಬೇಕೇ ಎಂದು ಕೇಳಿ.