ಎಂಜಿನ್ ಕೈಕೊಟ್ಟ ಮೇಲೆ



2023ರ ಮೇ 30ರ ಬೆಳಿಗ್ಗೆ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಪುಟ್ಟ ತರಬೇತಿ ವಿಮಾನವೊಂದು ಮೇಲೇರಿತು. ಒಳಗಿದ್ದವರು ಇಬ್ಬರೇ, ಕಲಿಸುವವರೊಬ್ಬರು, ಕಲಿಯುವವರೊಬ್ಬರು. ತಾಂತ್ರಿಕ ತೊಂದರೆ ಕಾಣಿಸಿಕೊಂಡಾಗ ಅದನ್ನು ಹೊನ್ನಿಹಾಳ ಸಮೀಪದ ಹೊಲದಲ್ಲಿ ಇಳಿಸಿದರು. ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂದು ತಿಳಿದವರು ಬಹಳ. ಹಾಗೇನಿಲ್ಲ. ರೆಕ್ಕೆಗೆ ತಕ್ಕಷ್ಟು ಗಾಳಿ ಸಿಗುತ್ತಿರುವವರೆಗೆ ಅದು ತೇಲುತ್ತಲೇ ಇಳಿಯುತ್ತದೆ. ಸೆಸ್ನಾ 172ರಂಥ ವಿಮಾನ 1,000 ಅಡಿ ಎತ್ತರದಿಂದ ಸುಮಾರು ಎರಡೂವರೆ ಕಿಲೋಮೀಟರ್ ಸಾಗಬಲ್ಲದು. ಸಿಗುವ ಸಮಯ ಒಂದೂವರೆ ನಿಮಿಷದ ಆಸುಪಾಸು. ಅಷ್ಟು ದಕ್ಕಬೇಕಾದರೆ ಪೈಲಟ್ ಮೊದಲು ಮೂತಿಯನ್ನು ತಗ್ಗಿಸಬೇಕು. ನೆಲ ಎದುರಿಗೇ ಏರಿಬರುವಾಗ ಕೈ ತಾನಾಗಿ ಹಿಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಮೂತಿ ಮೇಲೇಳುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆ ಸೋಲುತ್ತದೆ. ಎಷ್ಟೋ ಜೀವಗಳು ಹೋಗಿರುವುದು ಆ ಗಳಿಗೆಯಲ್ಲಿ. ಈಗ ತಾನೆ ಬಿಟ್ಟುಬಂದ ರನ್‌ವೇಗೆ ತಿರುಗಿ ಹೋಗುವ ಆಸೆಯೂ ಅಷ್ಟೇ ಅಪಾಯಕಾರಿ. ವೇಗ ಹಿಡಿತಕ್ಕೆ ಬಂದ ಮೇಲೆ ಜಾಗ ನೋಡುವುದು, ಆಮೇಲೆ ಎಂಜಿನ್ ಚಾಲೂ ಮಾಡುವ ಯತ್ನ. ರೇಡಿಯೋದಲ್ಲಿ ‘ಮೇಡೇ’ ಎಂದು ನೆರವಿಗಾಗಿ ಕೂಗುವುದು ಅದಕ್ಕೂ ನಂತರ.

ನಮ್ಮ ಮೂಡಿಗೆರೆ, ಕಳಸದ ಕಡೆ ನಿಂತು ಇದನ್ನು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಸಿಲ್ವರ್ ಮರಗಳ ಕೆಳಗೆ ಕಾಫಿ, ಅದರಾಚೆ ಕಾಡು, ಮೇಲೆ ಹುಲ್ಲಿನ ಗುಡ್ಡ. ಬಯಲೆಂದರೆ ಗುಡ್ಡಗಳ ನಡುವಿನ ಗದ್ದೆಯೊಂದೇ. ಅಲ್ಲೂ ಅಡ್ಡಲಾಗಿ ಕರೆಂಟ್ ತಂತಿ ಹಾದಿರುತ್ತದೆ. ಮೇಲಿನಿಂದ ತಂತಿ ಕಣ್ಣಿಗೆ ಬೀಳುವುದಿಲ್ಲ. ಕಂಬ ಕಂಡರೆ ತಂತಿ ಇದ್ದೇ ಇದೆ ಎಂದುಕೊಳ್ಳಬೇಕು. ಇಳಿಜಾರೇ ಗತಿಯಾದರೆ ಏರಿನ ಕಡೆ ಮುಖಮಾಡಿ ಇಳಿಸುತ್ತಾರೆ, ಓಟ ಬೇಗ ನಿಲ್ಲುತ್ತದೆ. ಮರಗಳ ಮೇಲೇ ಇಳಿಯಬೇಕಾಗಿ ಬಂದರೂ, ವೇಗ ತಗ್ಗಿಸಿ, ಹಿಡಿತ ಬಿಡದೆ ಇಳಿಸಿ ಬದುಕಿದವರಿದ್ದಾರೆ.

ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ವಿಮಾನದ ಆಸೆ ಬಿಡುವುದು. ಅಷ್ಟು ಬೆಲೆಯ ಯಂತ್ರ. ಚಕ್ರ ಮುರಿಯಲಿ, ರೆಕ್ಕೆ ಹರಿಯಲಿ, ಒಳಗಿನವರು ಉಳಿದರೆ ಸಾಕು ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಅಂಥ ತೀರ್ಮಾನ ಅಭ್ಯಾಸವಿಲ್ಲದೆ ಬಾರದು. ಅದಕ್ಕೇ ಕಲಿಸುವವರು ಹಾರಾಟದ ನಡುವೆ ಹೇಳದೆ ಕೇಳದೆ ಎಂಜಿನ್ನಿನ ಶಕ್ತಿ ತಗ್ಗಿಸಿ, “ಈಗ ಎಲ್ಲಿ ಇಳಿಸ್ತೀಯ?” ಎನ್ನುತ್ತಾರೆ. ಕಲಿಯುವವರು ಮೂತಿ ತಗ್ಗಿಸಿ, ಹೊಲವೊಂದನ್ನು ಆರಿಸಿ, ನೆಲ ಹತ್ತಿರವಾಗುವ ತನಕ ಇಳಿದು ಮತ್ತೆ ಮೇಲೇರುತ್ತಾರೆ. ಲೈಸೆನ್ಸಿನ ಪರೀಕ್ಷೆಯಲ್ಲೂ ಇದನ್ನು ಮಾಡಿ ತೋರಿಸಬೇಕು.